ತೀರ್ಪುಗಾರರ ಮೇಜಿನ ಮೇಲಿನ ಹಾಳೆ



ಭಾಷಣ ಸ್ಪರ್ಧೆಗೆ ಹೇಗೆ ಸಿದ್ಧರಾಗಬೇಕೆಂದು ನಿಮಗೆ ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ಎಲ್ಲಿ ನಿಲ್ಲಬೇಕು, ಕೈಯನ್ನು ಹೇಗೆ ಇಟ್ಟುಕೊಳ್ಳಬೇಕು, ಧ್ವನಿಯನ್ನು ಎಲ್ಲಿ ಏರಿಸಬೇಕು ಎಂದು ಮನೆಯಲ್ಲಿ ಅಣ್ಣ ಅಕ್ಕಂದಿರು, ಶಾಲೆಯಲ್ಲಿ ಗುರುಗಳು ತಿದ್ದುತ್ತಾರೆ. ಆದರೆ ವೇದಿಕೆಯ ಎದುರಿಗೆ, ಬಟ್ಟೆ ಹಾಸಿದ ಮೇಜಿನ ಹಿಂದೆ, ಕೈಯಲ್ಲಿ ಪೆನ್ನು ಹಿಡಿದು ಕುಳಿತ ಆ ಮೂವರು ಏನು ಮಾಡುತ್ತಾರೆಂಬುದನ್ನು ಹೇಳುವವರು ಕಡಿಮೆ. ನೀವು ಮಾತನಾಡುತ್ತಿರುವಾಗ ಅವರು ತಲೆ ತಗ್ಗಿಸಿ ಏನನ್ನೋ ಬರೆಯುತ್ತಾರೆ. ನಿಮ್ಮ ಎದೆ ಡವಡವ ಎನ್ನುತ್ತದೆ. ಆ ಮೇಜಿನ ಹಿಂದೆ ನಾನೂ ಹಲವು ವರ್ಷ ಕುಳಿತಿದ್ದೇನೆ. ಅಲ್ಲಿರುವ ಆ ಒಂದು ಹಾಳೆಯ ಬಗ್ಗೆಯೇ ಇಂದು ಮಾತನಾಡಬೇಕೆಂದಿದ್ದೇನೆ. ಕಾಲೇಜಿನಲ್ಲಿ ಓದುತ್ತಿರುವವರಿಗೆ ಇದರಲ್ಲಿ ಇನ್ನೊಂದು ಉಪಯೋಗವೂ ಉಂಟು. ನಾಳೆ ನಿಮ್ಮ ಊರಿನ ಶಾಲೆಯವರು ಮಕ್ಕಳ ಸ್ಪರ್ಧೆಗೆ ನಿಮ್ಮನ್ನೇ ತೀರ್ಪುಗಾರರಾಗಿ ಕರೆಯುತ್ತಾರೆ. ಬೇಡವೆನ್ನಲು ಆಗುವುದಿಲ್ಲ.

ಹಾಳೆಯ ಎಡಬದಿಯಲ್ಲಿ ಕ್ರಮಸಂಖ್ಯೆ ಇರುತ್ತದೆ. ಬಳಿಕ ಐದಾರು ಕಾಲಂಗಳು. ಎಲ್ಲ ಕಡೆಯೂ ಒಂದೇ ಬಗೆಯಲ್ಲಿರುವುದಿಲ್ಲ. ನಾನು ಹೆಚ್ಚಾಗಿ ಕಂಡದ್ದು ಹೀಗೆ: ವಿಷಯ ನಿರೂಪಣೆಗೆ 20 ಅಂಕ, ಭಾಷೆಗೆ 10, ಉಚ್ಚಾರಣೆಗೆ 10, ಹಾವಭಾವಕ್ಕೆ 5, ಸಮಯ ಪಾಲನೆಗೆ 5, ಒಟ್ಟು 50. ನೋಡಲು ಬಹಳ ನ್ಯಾಯವಾಗಿ ಕಾಣುತ್ತದೆ, ಅಲ್ಲವೇ? ವಿಷಯಕ್ಕೇ ಎಲ್ಲಕ್ಕಿಂತ ಹೆಚ್ಚು ಅಂಕವಿದೆ. ಆದರೆ ಅಂಕ ತುಂಬಿದ ಹಾಳೆಗಳನ್ನು ಸಾಲಾಗಿಟ್ಟು ನೋಡಿ. ವಿಷಯದ ಕಾಲಂನಲ್ಲಿ ಎಲ್ಲರಿಗೂ 13, 14, 15. ಬಹುಮಾನವನ್ನು ತೀರ್ಮಾನಿಸಿರುವುದು ಉಚ್ಚಾರಣೆ ಮತ್ತು ಹಾವಭಾವದ ಕಾಲಂಗಳು. ಒಬ್ಬನಿಗೆ 9, ಇನ್ನೊಬ್ಬನಿಗೆ 4.

ಇದಕ್ಕೆ ಕಾರಣ ಸರಳವಾಗಿದೆ. ಉಚ್ಚಾರಣೆಯ ತಪ್ಪು ಕಿವಿಗೆ ತಾನಾಗಿಯೇ ಬಂದು ಬೀಳುತ್ತದೆ. ಕೈ ನಡುಗುವುದು ಕಣ್ಣಿಗೆ ಕಾಣುತ್ತದೆ. ಗಂಟೆ ಬಾರಿಸಿದ ಮೇಲೂ ಮಾತು ನಡೆದರೆ ಸಮಯಪಾಲಕರೇ ಹೇಳುತ್ತಾರೆ. ಆದರೆ ಈ ಹುಡುಗಿ ಹೇಳಿದ್ದರಲ್ಲಿ ಆಕೆಯದೇ ಆದ ವಿಚಾರ ಎಷ್ಟು, ಒಂದು ಮಾತಿನಿಂದ ಇನ್ನೊಂದು ಮಾತು ಹೊರಟಿತೇ ಇಲ್ಲವೇ ಎಂದು ತಿಳಿಯಬೇಕಾದರೆ ಐದು ನಿಮಿಷವೂ ಕಿವಿಗೊಟ್ಟು ಕೇಳಬೇಕು. ಮೂವತ್ತನಾಲ್ಕನೆಯ ಸ್ಪರ್ಧಿ ಬರುವ ಹೊತ್ತಿಗೆ ಮಧ್ಯಾಹ್ನದ ಊಟವೂ ಆಗಿರುತ್ತದೆ. ತೀರ್ಪುಗಾರರೂ ಮನುಷ್ಯರೇ.

ಮನುಷ್ಯರ ಈ ದೌರ್ಬಲ್ಯಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರಿದೆ. ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1920ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಎಂದು ಬೇರೆ ಬೇರೆಯಾಗಿ ಅಂಕ ಕೊಟ್ಟಿದ್ದರು. ಒಂದರಲ್ಲಿ ಹೆಚ್ಚು ಪಡೆದವನಿಗೆ ಉಳಿದೆಲ್ಲದರಲ್ಲೂ ಹೆಚ್ಚು ಬಿದ್ದಿತ್ತು. ನೋಡಲು ಲಕ್ಷಣವಾಗಿರುವವನು ಬುದ್ಧಿವಂತನಾಗಿಯೂ ಕಂಡಿದ್ದ. ದೇವರ ಪಟಗಳಲ್ಲಿ ತಲೆಯ ಹಿಂದೆ ಪ್ರಭಾವಳಿ ಬರೆದಿರುತ್ತಾರಲ್ಲ, ಹಾಗೆ ಒಂದು ಗುಣದ ಬೆಳಕು ಉಳಿದ ಗುಣಗಳ ಮೇಲೂ ಹರಡುತ್ತದೆ. ಆದ್ದರಿಂದಲೇ ಇದನ್ನು ಪ್ರಭಾವಳಿ ಪರಿಣಾಮ ಎನ್ನುತ್ತಾರೆ. ಇಸ್ತ್ರಿ ಮಾಡಿದ ಸಮವಸ್ತ್ರ, ತುಂಬಿದ ಕಂಠ, ನಗುಮುಖ ಇವಿಷ್ಟಿದ್ದರೆ ವಿಷಯದ ಕಾಲಂನಲ್ಲೂ ಎರಡು ಅಂಕ ತಾನಾಗಿ ಏರುತ್ತದೆ. ತೀರ್ಪುಗಾರರಿಗೆ ತಾವು ಹಾಗೆ ಮಾಡಿದ್ದು ಗೊತ್ತೂ ಆಗುವುದಿಲ್ಲ.

ಹಾಗಾದರೆ ವಿಷಯಕ್ಕೆ ಅಂಕ ಕೊಡುವುದು ಹೇಗೆ? ಒಂದು ಉದಾಹರಣೆ ಹೇಳುತ್ತೇನೆ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಪ್ರೌಢಶಾಲಾ ಮಕ್ಕಳ ಸ್ಪರ್ಧೆ. ವಿಷಯ, ನೀರಿನ ಮಿತಬಳಕೆ. ನೀವೇ ಊಹಿಸಬಹುದು, ಹೆಚ್ಚಿನವರು ಭೂಮಿಯ ಮೇಲಿನ ನೀರಿನಲ್ಲಿ ಶೇಕಡ 97ರಷ್ಟು ಉಪ್ಪುನೀರು ಎಂಬಲ್ಲಿಂದ ಆರಂಭಿಸಿದರು. ಅದು ಸರಿಯಾದ ಮಾಹಿತಿಯೇ. ಆದರೆ ಬೆಳಗಿನಿಂದ ಹನ್ನೊಂದು ಸಲ ಕೇಳಿದ ಮೇಲೆ ಅದು ಮಾಹಿತಿಯಾಗಿ ಉಳಿಯುವುದಿಲ್ಲ, ಮಂತ್ರವಾಗುತ್ತದೆ. ಕೈ ತೊಳೆಯುವಾಗ ನಲ್ಲಿಯನ್ನು ನಿಲ್ಲಿಸಿ, ಹಲ್ಲುಜ್ಜುವಾಗ ನಿಲ್ಲಿಸಿ, ಷವರಿನಲ್ಲಿ ಸ್ನಾನ ಮಾಡಬೇಡಿ ಎಂದು ಎಲ್ಲರೂ ಹೇಳಿದರು. ಸಭೆಯಲ್ಲಿದ್ದ ಮಕ್ಕಳಲ್ಲಿ ಎಷ್ಟು ಜನರ ಮನೆಯಲ್ಲಿ ಷವರು ಇತ್ತೋ ನಾನರಿಯೆ.

ಆಗ ಒಬ್ಬ ಹುಡುಗ ಬಂದ. ಒಂಬತ್ತನೆಯ ತರಗತಿ ಇರಬೇಕು. ಅವನ ಊರಿನಲ್ಲಿ ಟ್ಯಾಂಕಿನ ನೀರು ಮೂರು ದಿನಕ್ಕೊಮ್ಮೆ ಬರುತ್ತದೆಯಂತೆ. ಮನೆಯೊಂದಕ್ಕೆ ಎಂಟು ಕೊಡ. ಹಬ್ಬಕ್ಕೆ ಅಕ್ಕ ಭಾವ ಬಂದರೆ ಎಂಟು ಕೊಡ ಸಾಲದು. ತಾಯಿ ಪಕ್ಕದ ಮನೆಯಿಂದ ಎರಡು ಕೊಡ ಸಾಲ ತರುತ್ತಾರೆ. ಮುಂದಿನ ಸರದಿಯಲ್ಲಿ ಅದನ್ನು ತೀರಿಸಬೇಕು. ಇಷ್ಟು ಹೇಳಿ ಅವನು, “ನೀರ್ನೂ ಸಾಲ ತರೋ ಊರಲ್ಲಿ ಮಿತವಾಗಿ ಬಳಸಿ ಅಂತ ಯಾರಿಗೆ ಏಳೋದು? ಯಾರ ಮನೇಲಿ ನಲ್ಲಿ ದಿನಾ ಬರ್ತದೋ ಅವ್ರಿಗೆ ಏಳ್ಬೇಕು” ಎಂದ. ಅನಂತರ ನಗರದ ಒಂದು ಮನೆಗೂ ಅವನ ಮನೆಗೂ ಕೊಡದ ಲೆಕ್ಕದಲ್ಲಿ ಹೋಲಿಕೆ ಮಾಡಿದ. ನಾಲ್ಕನೆಯ ನಿಮಿಷದ ಗಂಟೆ ಬಾರಿಸುವ ಮೊದಲೇ ಮುಗಿಸಿ ಕೆಳಗಿಳಿದ.

ಇದನ್ನೇ ನಾನು ವಿಷಯ ಎನ್ನುವುದು. ಕೊಟ್ಟ ಶೀರ್ಷಿಕೆಯನ್ನು ಅವನು ಪ್ರಶ್ನೆಯಾಗಿ ಮಾಡಿಕೊಂಡ. ತಾನು ಕಂಡದ್ದನ್ನು ಸಾಕ್ಷಿಯಾಗಿಟ್ಟ. ಅಲ್ಲಿಂದ ಒಂದು ನಿರ್ಣಯಕ್ಕೆ ಬಂದ. ಆ ನಿರ್ಣಯವನ್ನು ನೀವು ಒಪ್ಪದಿರಬಹುದು. ಹಳ್ಳಿಯಲ್ಲೂ ನೀರು ಪೋಲಾಗುತ್ತದೆ ಎಂದು ವಾದಿಸಬಹುದು. ವಾದಿಸಲು ಅಲ್ಲಿ ಏನಾದರೂ ಇದೆಯೆಂಬುದೇ ದೊಡ್ಡ ಮಾತು. ಉಪ್ಪುನೀರಿನ ಶೇಕಡ 97ರ ಜೊತೆ ಯಾರು ವಾದಿಸುತ್ತಾರೆ?

ಆದರೆ ನೀವು ಗಮನಿಸಿರಬಹುದು, ಹುಡುಗ ‘ಹೇಳೋದು’ ಎನ್ನಲಿಲ್ಲ, ‘ಏಳೋದು’ ಎಂದ. ಅವನ ಬಾಯಲ್ಲಿ ಹಬ್ಬ ‘ಅಬ್ಬ’ವಾಗಿತ್ತು, ಹಳ್ಳಿ ‘ಅಳ್ಳಿ’ಯಾಗಿತ್ತು. ನನ್ನ ಪಕ್ಕದಲ್ಲಿದ್ದ ತೀರ್ಪುಗಾರರೊಬ್ಬರು ಉಚ್ಚಾರಣೆಯ ಕಾಲಂನಲ್ಲಿ ಹತ್ತಕ್ಕೆ ಎರಡು ಬರೆದರು. “ವಿಷಯ ಚೆನ್ನಾಗಿದೆ ಸಾರ್, ಆದರೆ ಹಕಾರವೇ ಬರದವನನ್ನು ಜಿಲ್ಲಾಮಟ್ಟಕ್ಕೆ ಹೇಗೆ ಕಳಿಸುವುದು?” ಎಂಬುದು ಅವರ ಮಾತು. ಅವರು ಕೆಟ್ಟವರಲ್ಲ, ಕನ್ನಡವನ್ನು ಪ್ರೀತಿಸುವವರು, ಮಕ್ಕಳಿಗೆ ಶುದ್ಧವಾಗಿ ಓದಲು ಕಲಿಸಿದವರು. ಹುಡುಗನಿಗೆ ಕೊನೆಗೆ ಬಂದದ್ದು ಮೂರನೆಯ ಬಹುಮಾನ. ಜಿಲ್ಲಾಮಟ್ಟಕ್ಕೆ ಹೋಗುವುದು ಮೊದಲನೆಯವರು ಮಾತ್ರ.

ಈ ಹಕಾರದ ವಿಷಯವನ್ನು ಸ್ವಲ್ಪ ನಿಂತು ನೋಡೋಣ. ಹಳಗನ್ನಡವನ್ನು ಪಠ್ಯದಲ್ಲಿ ಓದಿದವರಿಗೆ ಗೊತ್ತು: ನಮ್ಮ ಹಾಲು ಒಂದು ಕಾಲಕ್ಕೆ ‘ಪಾಲ್’ ಆಗಿತ್ತು, ಹುಲಿ ‘ಪುಲಿ’ಯಾಗಿತ್ತು, ಹೆಸರು ‘ಪೆಸರ್’ ಆಗಿತ್ತು, ಹಳ್ಳಿ ‘ಪಳ್ಳಿ’ಯಾಗಿತ್ತು. ಪಕಾರ ಸಡಿಲಗೊಂಡು ನಡುಗನ್ನಡದ ಕಾಲಕ್ಕೆ ಹಕಾರವಾಯಿತು. ಆಗಲೂ ಯಾರೋ ಹಿರಿಯರು, ‘ಪಾಲ್’ ಎನ್ನಲು ಬರದ ಹುಡುಗರು ‘ಹಾಲು’ ಎನ್ನುತ್ತಾರಲ್ಲ ಎಂದು ಹಣೆ ಚಚ್ಚಿಕೊಂಡಿರಬಹುದೇ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. ಹಳೆಯ ಮೈಸೂರಿನ ಹಲವು ಕಡೆ, ಅದರಲ್ಲೂ ಹಳ್ಳಿಗಳಲ್ಲಿ, ಆ ಹಕಾರವೂ ಸವೆದು ಸ್ವರವಷ್ಟೇ ಉಳಿದಿದೆ. ಒಂದೇ ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ, ಅಷ್ಟೆ. ಆ ಹುಡುಗನ ನಾಲಗೆ ಸೋಮಾರಿಯಲ್ಲ. ಅದು ಅವನ ತಾಯಿಯ ಮಾತು.

ಇದನ್ನು ಹೇಳುವಾಗ ಉಚ್ಚಾರಣೆ ಹೇಗಿದ್ದರೂ ಸರಿ ಎಂದು ನಾನು ಹೇಳುತ್ತಿಲ್ಲ. ‘ಹಕ್ಕಿ’ ಹಾರಿತು ಎನ್ನುವಲ್ಲಿ ‘ಅಕ್ಕಿ’ ಹಾರಿತು ಎಂದರೆ ಕೇಳುವವನು ಒಂದು ಕ್ಷಣ ಮೊರವನ್ನು ನೆನೆಯುತ್ತಾನೆ. ಅರ್ಥ ಕೆಡುವಲ್ಲಿ ಅಂಕ ಕಳೆಯುವುದು ನ್ಯಾಯ. ಹಲವು ಜಿಲ್ಲೆಗಳ ಜನ ಸೇರಿದ ಸಭೆಯಲ್ಲಿ ಎಲ್ಲರಿಗೂ ತಿಳಿಯುವ ಶಿಷ್ಟ ಕನ್ನಡವನ್ನು ಆಡಲು ಕಲಿಯುವುದೂ ವಿದ್ಯೆಯ ಒಂದು ಭಾಗ. ಆ ಹುಡುಗನೂ ಕಲಿಯಬೇಕು. ನನ್ನ ತಕರಾರು ಎರಡು. ಮೊದಲನೆಯದು, ಧಾರವಾಡದ ಕಡೆಯ ರಾಗ, ಕುಂದಾಪುರದ ಕಡೆಯ ಧಾಟಿ ಬಂದಾಗ ‘ಪ್ರಾದೇಶಿಕ ಸೊಗಡು’ ಎಂದು ತಲೆದೂಗುವ ನಾವೇ, ಹಕಾರ ಬಿದ್ದ ಕೂಡಲೇ ಅವಿದ್ಯೆ ಎನ್ನುತ್ತೇವೆ. ಎರಡನೆಯದು, ಒಂದೇ ಅಕ್ಷರ ನೂರು ಸಲ ಬಿದ್ದರೆ ಅದು ನೂರು ತಪ್ಪಲ್ಲ, ಒಂದೇ ತಪ್ಪು. ಹತ್ತಕ್ಕೆ ಎಂಟು ಅಂಕ ಕಳೆಯುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಬಾಯಿಪಾಠದ ಭಾಷಣದ ಬಗ್ಗೆಯೂ ಹೇಳಬೇಕು. ನೆನಪಿನಲ್ಲಿಟ್ಟುಕೊಂಡು ಮಾತನಾಡುವುದು ದೋಷವಲ್ಲ. ಆದರೆ ಬೇರೆಯವರು ಬರೆದದ್ದನ್ನು ಉರುಹೊಡೆದು ಒಪ್ಪಿಸುವವರನ್ನು ತೀರ್ಪುಗಾರರು ಎರಡು ನಿಮಿಷದಲ್ಲಿ ಗುರುತಿಸಬಲ್ಲರು. ಕಣ್ಣು ಸಭೆಯನ್ನು ನೋಡುವುದಿಲ್ಲ, ಚಾವಣಿಯನ್ನು ನೋಡುತ್ತದೆ, ಅಲ್ಲಿ ಏನೋ ಬರೆದಿಟ್ಟ ಹಾಗೆ. ಒಂದು ಪದ ಮರೆತರೆ ಮುಂದಕ್ಕೆ ಹೋಗಲಾಗದೆ ವಾಕ್ಯದ ಮೊದಲಿನಿಂದ ಮತ್ತೆ ಹೊರಡುತ್ತಾರೆ. ಆರನೆಯ ತರಗತಿಯ ಮಗುವಿನ ಬಾಯಲ್ಲಿ ‘ಪಾಶ್ಚಾತ್ಯ ಸಂಸ್ಕೃತಿಯ ಅಂಧಾನುಕರಣೆ’ ಬಂದರೆ ಅದು ಮಗುವಿನದಲ್ಲವೆಂದು ತಿಳಿಯಲು ಪಾಂಡಿತ್ಯ ಬೇಕಿಲ್ಲ. ಈಗಂತೂ ವಿಷಯ ಕೊಟ್ಟರೆ ಭಾಷಣವನ್ನೇ ಬರೆದುಕೊಡುವ ತಂತ್ರಾಂಶಗಳು ಮೊಬೈಲಿನಲ್ಲಿವೆ. ಒಂದೇ ಸ್ಪರ್ಧೆಯಲ್ಲಿ ಬೇರೆ ಬೇರೆ ಶಾಲೆಗಳ ಮೂವರು ಒಂದೇ ಬಗೆಯ ವಾಕ್ಯದಿಂದ ಆರಂಭಿಸಿ ಒಂದೇ ಬಗೆಯ ಕರೆಯಿಂದ ಮುಗಿಸುವುದನ್ನು ಕೇಳಿದ್ದೇನೆ. ‘ಸ್ವಾಮಿ ವಿವೇಕಾನಂದರು ಹೇಳಿದಂತೆ’ ಎಂದು ಶುರುವಾಗಿ ವಿವೇಕಾನಂದರು ಎಲ್ಲಿಯೂ ಹೇಳದ ಮಾತು ಬರುವುದೂ ಉಂಟು. ಮಹಾಪುರುಷರ ಮಾತನ್ನು ತರುವುದಾದರೆ ಅದು ಯಾವ ಪುಸ್ತಕದಲ್ಲಿದೆ ಎಂದು ನೀವೇ ಕಣ್ಣಾರೆ ನೋಡಿರಬೇಕು.

ಆರಂಭದ ಸಂಬೋಧನೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ‘ಮಾನ್ಯ ಅಧ್ಯಕ್ಷರೇ, ಪೂಜ್ಯ ಗುರುವೃಂದದವರೇ, ನಿಷ್ಪಕ್ಷಪಾತ ತೀರ್ಪುಗಾರರೇ, ಸಮಯಪಾಲಕರೇ, ನನ್ನ ನೆಚ್ಚಿನ ಸಹಪಾಠಿಗಳೇ’ ಎಂದು ಮುಗಿಯುವಾಗ ಅರ್ಧ ನಿಮಿಷ ಕಳೆದಿರುತ್ತದೆ. ಐದು ನಿಮಿಷದಲ್ಲಿ ಹತ್ತನೆಯ ಒಂದು ಪಾಲು. ತೀರ್ಪು ಬರುವ ಮೊದಲೇ ನಮ್ಮನ್ನು ನಿಷ್ಪಕ್ಷಪಾತಿಗಳೆಂದು ಕರೆಯುವುದು ನಿಮ್ಮ ದೊಡ್ಡ ಮನಸ್ಸು. ‘ಎಲ್ಲರಿಗೂ ನಮಸ್ಕಾರ’ ಎಂದರೂ ಸಾಕು.

ನಿಷ್ಪಕ್ಷಪಾತದ ಮಾತು ಬಂದದ್ದರಿಂದ ಲೆಕ್ಕದ ಒಂದು ಸಂಗತಿ. ಪಕ್ಷಪಾತವಿಲ್ಲದೆಯೂ ಅನ್ಯಾಯ ಆಗಬಹುದು ಎಂಬುದನ್ನು ಇದರಿಂದ ತಿಳಿಯಬಹುದು. ಮೂವರು ತೀರ್ಪುಗಾರರು, ಒಬ್ಬ ಹುಡುಗಿ, ಒಬ್ಬ ಹುಡುಗ ಎಂದಿಟ್ಟುಕೊಳ್ಳಿ. ಮೊದಲನೆಯವರು ಹುಡುಗಿಗೆ 38, ಹುಡುಗನಿಗೆ 36 ಕೊಟ್ಟರು. ಎರಡನೆಯವರು ಹುಡುಗಿಗೆ 39, ಹುಡುಗನಿಗೆ 37. ಮೂರನೆಯವರು ಕೈಬಿಚ್ಚಿ ಕೊಡುವವರು, ಹಾಗೆಯೇ ಕೈಬಿಚ್ಚಿ ಕಳೆಯುವವರು. ಅವರು ಹುಡುಗಿಗೆ 25, ಹುಡುಗನಿಗೆ 40 ಕೊಟ್ಟರು. ಕೂಡಿದರೆ ಹುಡುಗಿಗೆ 102, ಹುಡುಗನಿಗೆ 113. ಹುಡುಗನಿಗೆ ಬಹುಮಾನ. ಆದರೆ ಮೂವರಲ್ಲಿ ಇಬ್ಬರು ಹುಡುಗಿಯೇ ಮೇಲೆಂದು ಹೇಳಿದ್ದರು! ಒಬ್ಬರ ಪೆನ್ನು ಇಬ್ಬರ ಅಭಿಪ್ರಾಯವನ್ನು ಅಳಿಸಿಹಾಕಿತು.

ಇದನ್ನೇ ಸ್ಥಾನಗಳ ಲೆಕ್ಕದಲ್ಲಿ ನೋಡಿ. ಹುಡುಗಿಗೆ ಒಂದು, ಒಂದು, ಎರಡು, ಒಟ್ಟು 4. ಹುಡುಗನಿಗೆ ಎರಡು, ಎರಡು, ಒಂದು, ಒಟ್ಟು 5. ಕಡಿಮೆ ಮೊತ್ತದವರು ಮೇಲೆ. ಆದ್ದರಿಂದ ಹುಡುಗಿ ಗೆಲ್ಲುತ್ತಾಳೆ. ಒಲಿಂಪಿಕ್ಸ್‌ನ ಡೈವಿಂಗ್ ಸ್ಪರ್ಧೆಯಲ್ಲಿ ತೀರ್ಪುಗಾರರ ಸಂಖ್ಯೆ ಹೆಚ್ಚಿರುವುದರಿಂದ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಅಂಕಗಳನ್ನು ಬಿಟ್ಟು ಉಳಿದುದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮೂವರೇ ಇರುವ ನಮ್ಮ ಶಾಲೆಗಳಲ್ಲಿ ಹಾಗೆ ಬಿಟ್ಟರೆ ಒಬ್ಬರೇ ಉಳಿಯುತ್ತಾರೆ. ನಮಗೆ ಸ್ಥಾನಗಳ ಮೊತ್ತವೇ ವಾಸಿ. ಕಾಲೇಜಿನಲ್ಲಿ ಸ್ಪರ್ಧೆ ನಡೆಸುವ ವಿದ್ಯಾರ್ಥಿ ಸಂಘದವರು ಇದನ್ನು ಮುಂಚಿತವಾಗಿಯೇ ತೀರ್ಮಾನಿಸಿ ಹೇಳಿಬಿಡಬೇಕು. ಫಲಿತಾಂಶ ಬಂದ ಮೇಲೆ ಲೆಕ್ಕದ ಕ್ರಮವನ್ನು ಬದಲಿಸಿದರೆ ಯಾರೂ ನಂಬುವುದಿಲ್ಲ.

ಚೀಟಿ ಎತ್ತುವಾಗ ಒಂದನೆಯ ಸಂಖ್ಯೆ ಬಂದರೆ ಮುಖ ಸಣ್ಣದಾಗುತ್ತದಲ್ಲ, ಆ ಭಯಕ್ಕೂ ಆಧಾರವಿದೆ. ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ ರಾಣಿ ಎಲಿಜಬೆತ್ ಹೆಸರಿನ ಪ್ರಸಿದ್ಧ ಸಂಗೀತ ಸ್ಪರ್ಧೆ ನಡೆಯುತ್ತದೆ. ಅಂತಿಮ ಸುತ್ತಿನವರು ಯಾವ ದಿನ ನುಡಿಸಬೇಕೆಂಬುದು ಚೀಟಿಯಿಂದಲೇ ನಿರ್ಧಾರವಾಗುವುದು. ಅದರ ಹಲವು ವರ್ಷಗಳ ಫಲಿತಾಂಶವನ್ನು ಪರಿಶೀಲಿಸಿದ ಇಬ್ಬರು ಸಂಶೋಧಕರು 1996ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮೊದಲ ದಿನ ನುಡಿಸಿದವರು ಮೇಲಿನ ಸ್ಥಾನ ಪಡೆಯುವ ಸಾಧ್ಯತೆ ಕಡಿಮೆ ಎಂದು ತೋರಿಸಿದರು. ಸಂಗೀತದಲ್ಲಿ ಪಳಗಿದ ತೀರ್ಪುಗಾರರಿಗೇ ಹೀಗೆ. ಮೊದಲು ಬಂದವರಿಗೆ 45 ಕೊಟ್ಟುಬಿಟ್ಟರೆ ಮುಂದೆ ಅವರಿಗಿಂತ ಉತ್ತಮರು ಬಂದಾಗ ಏನು ಮಾಡುವುದೆಂದು ಕೈ ಹಿಡಿಯುತ್ತದೆ. ನಾನು ಮೊದಲ ಮೂವರಿಗೆ ಪೆನ್ಸಿಲಿನಲ್ಲಿ ಅಂಕ ಬರೆದು, ಪಕ್ಕದಲ್ಲಿ ಅವರು ಹೇಳಿದ ಒಂದು ಮುಖ್ಯ ಮಾತನ್ನೂ ಬರೆದುಕೊಳ್ಳುತ್ತೇನೆ. ಕೊನೆಗೆ ತಿರುಗಿ ನೋಡಿದಾಗ ಅಂಕಕ್ಕಿಂತ ಆ ಮಾತೇ ನೆನಪನ್ನು ತರುತ್ತದೆ. ಬರೆದುಕೊಳ್ಳಲು ಒಂದು ಮಾತೂ ಸಿಗದ ಭಾಷಣಗಳಿರುತ್ತವೆ. ಸುಂದರವಾಗಿ ಹರಿದವು, ಚಪ್ಪಾಳೆಯೂ ಬಿತ್ತು, ಹಾಳೆಯಲ್ಲಿ ಮಾತ್ರ ಆ ಜಾಗ ಖಾಲಿ.

ನನ್ನ ಕೈಯಲ್ಲಿದ್ದರೆ ಪ್ರತಿಯೊಂದು ಭಾಷಣದ ಕೊನೆಗೂ ತೀರ್ಪುಗಾರರು ಒಂದೇ ಒಂದು ಪ್ರಶ್ನೆ ಕೇಳುವ ನಿಯಮ ತರುತ್ತಿದ್ದೆ. ಕೆಲವು ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಈ ಪದ್ಧತಿ ಇದೆ. ಪ್ರಶ್ನೆ ಕಠಿಣವಾಗಿರಬೇಕಿಲ್ಲ, ‘ನೀನು ಹೇಳಿದ್ದಕ್ಕೆ ನಿನ್ನ ಊರಿನಿಂದಲೇ ಒಂದು ಉದಾಹರಣೆ ಕೊಡು’ ಎಂದರೆ ಸಾಕು. ಬಾಯಿಪಾಠದವರು ನಿಂತುಬಿಡುತ್ತಾರೆ. ಯೋಚಿಸಿ ಬಂದವರ ಮುಖದಲ್ಲಿ ಬೇರೆ ಕಳೆ ಬರುತ್ತದೆ. ನಮ್ಮ ಕರಾವಳಿಯ ತಾಳಮದ್ದಲೆಯನ್ನು ಒಮ್ಮೆ ಕುಳಿತು ಕೇಳಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲಿಯೇ ವಾಲಿಯೂ ರಾಮನೂ ಆಗಿ ವಾದಕ್ಕಿಳಿಯುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿನವರು ಈಗ ತಾನೇ ಎಸೆದ ಮಾತಿಗೆ ಈಗಲೇ ಉತ್ತರ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಇದರಲ್ಲಿ ದೊಡ್ಡ ಹೆಸರು ಪಡೆದವರು. ಅವರ ಬಂಡವಾಳ ನಾಲಗೆಯೊಂದೇ ಆಗಿರಲಿಲ್ಲ, ಕಿವಿಯೂ ಆಗಿತ್ತು. ಎದುರಾಳಿಯ ಮಾತನ್ನು ಪೂರ್ತಿ ಕೇಳದವನು ತಾಳಮದ್ದಲೆಯಲ್ಲಿ ಬದುಕುವುದಿಲ್ಲ.

ನಾಚಿಕೆ ಸ್ವಭಾವದವರಿಗೆ ಒಂದು ಮಾತು. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ: ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಸಸ್ಯಾಹಾರಿಗಳ ಸಂಘದ ಸಭೆಯಲ್ಲಿ ಅವರು ಬರೆದು ತಂದದ್ದನ್ನು ಬೇರೊಬ್ಬರು ಓದಬೇಕಾಯಿತು. 1891ರಲ್ಲಿ ಭಾರತಕ್ಕೆ ಹೊರಡುವ ಮೊದಲು ತಾವೇ ಏರ್ಪಡಿಸಿದ ಬೀಳ್ಕೊಡುಗೆಯ ಊಟದಲ್ಲಿ ಮೊದಲ ವಾಕ್ಯದಿಂದ ಮುಂದಕ್ಕೆ ಹೋಗಲಾಗಲಿಲ್ಲ. ನಮ್ಮ 50 ಅಂಕಗಳ ಹಾಳೆಯಲ್ಲಿ ಆ ಯುವಕನಿಗೆ ಎಷ್ಟು ಬೀಳುತ್ತಿತ್ತು? ಸಮಯ ಪಾಲನೆಗೆ 5 ಖಂಡಿತ.

ಈಗ ಕೊನೆಯದಾಗಿ, ಫಲಿತಾಂಶ ಪ್ರಕಟವಾದ ಮೇಲೆ ನೀವು ಏನು ಮಾಡಬಹುದೆಂದು ಹೇಳುತ್ತೇನೆ. ಬಹುಮಾನ ಬಾರದವರು ಹೆಚ್ಚಾಗಿ ಬಸ್ಸು ಹಿಡಿಯಲು ಓಡುತ್ತಾರೆ. ಓಡಬೇಡಿ. ತೀರ್ಪುಗಾರರು ಕಾಫಿ ಕುಡಿಯುತ್ತಿರುತ್ತಾರೆ. ಹತ್ತಿರ ಹೋಗಿ ವಿನಯದಿಂದ ಮಾತನಾಡಿಸಿ. ‘ನನಗೆ ಏಕೆ ಬಹುಮಾನ ಬರಲಿಲ್ಲ?’ ಎಂದು ಕೇಳಿದರೆ ಅವರು ತಮ್ಮನ್ನು ಸಮರ್ಥಿಸಿಕೊಳ್ಳತೊಡಗುತ್ತಾರೆ, ನಿಮಗೇನೂ ಸಿಗುವುದಿಲ್ಲ. ‘ಸಾರ್, ನನ್ನ ಮಾತಿನಲ್ಲಿ ನಿಮಗೆ ನೆನಪಿರುವುದು ಯಾವುದು?’ ಎಂದು ಕೇಳಿ. ಬರೆದುಕೊಂಡವರಿದ್ದರೆ ಹಾಳೆ ತೆಗೆದು ನೋಡಿ ಹೇಳುತ್ತಾರೆ. ಆ ತುಮಕೂರಿನ ಕಡೆಯ ಹುಡುಗ ಅಂದು ನಮ್ಮ ಬಳಿಗೆ ಬಂದು ನಿಂತಿದ್ದ, ಏನನ್ನೂ ಕೇಳದೆ. ನಾನೇ ಹಾಳೆ ತೋರಿಸಿದೆ. ಅವನ ಸಂಖ್ಯೆಯ ಎದುರಿಗೆ ‘ಎರಡು ಕೊಡ ನೀರು ಸಾಲ’ ಎಂದು ಬರೆದಿತ್ತು. ನನ್ನ ಪಕ್ಕದಲ್ಲಿದ್ದ ಆ ತೀರ್ಪುಗಾರರೂ ತಮ್ಮ ಹಾಳೆಯನ್ನು ಮುಂದೆ ಮಾಡಿದರು. ಅದರಲ್ಲಿಯೂ ಅದೇ ಮಾತು ಇತ್ತು. ಅವರು ಅವನಿಗೆ ‘ಹಕ್ಕಿ’, ‘ಅಕ್ಕಿ’ಗಳ ವ್ಯತ್ಯಾಸವನ್ನು ಅಲ್ಲಿಯೇ ನಿಂತು ಹೇಳಿಕೊಟ್ಟರು, ನಾಲ್ಕೈದು ಸಲ ಹೇಳಿಸಿದರು. ಹುಡುಗ ನಗುತ್ತಾ ಸರಿಯಾಗಿಯೇ ಹೇಳಿದ.